ಅಪ್ಪನ ಸಾವು ಯಾವ ಊರಿನ ಲೆಕ್ಕ?

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಬಸ್ಸು ಹತ್ತಿ, ಟಿಕೆಟ್ ತೆಗೆದುಕೊಂಡು, ಕಿಟಕಿ ಪಕ್ಕ ಕುಳಿತು ಒಂದು ಸಣ್ಣ ಜೊಂಪು ಹತ್ತುವಷ್ಟರಲ್ಲಿ ಮಾಚೇನಹಳ್ಳಿ, ಮಲವಗೊಪ್ಪ ದಾಟಿ ವಿದ್ಯಾನಗರ ಬಂದಿರುತ್ತದೆ. ಮುಂದೆ ತುಂಗೆಯ ಸೇತುವೆ. ನಮ್ಮೂರಿನ ಜನಕ್ಕೆ ಈ ಬಿ.ಎಚ್. ರಸ್ತೆ ಅಂಗಳವಿದ್ದ ಹಾಗೆ. ಸೀರೆ ಕೊಳ್ಳಲು, ಕಾಲೇಜಿಗೆ, ಕಚೇರಿಗೆ, ಕೋರ್ಟಿಗೆ, ಕೊನೆಗೆ ಆಸ್ಪತ್ರೆಗೆ ಎಲ್ಲಕ್ಕೂ ಇದೇ ರಸ್ತೆ.

ಕಳೆದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ನಾನು ಈ ರಸ್ತೆಯಲ್ಲಿ ಹೊರಟದ್ದು ಒಂದು ಕಾಗದಕ್ಕಾಗಿ. ಅಪ್ಪ ತೀರಿಕೊಂಡು ಮೂರು ವಾರವಾಗಿತ್ತು. ಪಿಂಚಣಿ, ಬ್ಯಾಂಕು, ಮನೆಯ ಖಾತೆ ಎಲ್ಲದಕ್ಕೂ ಮರಣ ಪ್ರಮಾಣ ಪತ್ರ ಬೇಕು. ಅಪ್ಪ ಹುಟ್ಟಿದ್ದು, ಓದಿದ್ದು, ಮೂವತ್ತೈದು ವರ್ಷ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದದ್ದು, ಮನೆ ಕಟ್ಟಿಸಿ ಎಂಬತ್ತೊಂದು ವರ್ಷ ಬಾಳಿದ್ದು ಎಲ್ಲ ಭದ್ರಾವತಿಯಲ್ಲಿ. ಶಿವಮೊಗ್ಗದಲ್ಲಿ ಅವರು ಉಳಿದದ್ದು ಕೊನೆಯ ನಾಲ್ಕು ದಿನ, ಅದೂ ಆಸ್ಪತ್ರೆಯ ಹಾಸಿಗೆಯ ಮೇಲೆ.

ಶಿವಮೊಗ್ಗದ ನೋಂದಣಿ ಕಚೇರಿಯ ಕಿಟಕಿಯಲ್ಲಿ ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಪತ್ರವನ್ನು ಕೈಯಲ್ಲಿ ಹಿಡಿದು, ಹೆಸರಿನ ಅಕ್ಷರ ಸರಿಯಿದೆಯೇ ಎಂದು ನೋಡುತ್ತಾ ಹೋದೆ. ವಾಸದ ವಿಳಾಸ: ಭದ್ರಾವತಿ. ಸರಿ. ಮರಣ ಸ್ಥಳ: ಶಿವಮೊಗ್ಗ. ಅದೂ ಸರಿಯೇ. ಆದರೂ ಆ ಎರಡು ಸಾಲುಗಳ ನಡುವೆ ನನ್ನ ಕಣ್ಣು ನಿಂತುಬಿಟ್ಟಿತು. ನಮ್ಮ ಶಾಲೆಯ ಗೋಡೆಯ ಮೇಲಿದ್ದ ಒಂದು ಚಾರ್ಟ್ ನೆನಪಿಗೆ ಬಂದು ಕಸಿವಿಸಿಯಾಯಿತು.

ಮೊದಲ ಬಹುಮಾನದ ಚಾರ್ಟ್

ಆ ವರ್ಷದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ಯಾವ ಊರು ಆರೋಗ್ಯವಂತ?’ ಎಂಬ ಚಾರ್ಟ್ ಮಾಡಿದ್ದಳು. ನೋಂದಣಿಯಾದ ಸಾವುಗಳ ಲೆಕ್ಕವನ್ನು ಪರಿಚಯದವರ ಮೂಲಕ ಹೇಗೋ ಸಂಗ್ರಹಿಸಿ, 2011ರ ಜನಗಣತಿಯ ಜನಸಂಖ್ಯೆಯಿಂದ ಭಾಗಿಸಿ, ಸಾವಿರ ಜನಕ್ಕೆ ಎಷ್ಟು ಸಾವು ಎಂದು ಲೆಕ್ಕ ಹಾಕಿ, ಬಣ್ಣದ ಕಂಬಗಳನ್ನು ಎಳೆದಿದ್ದಳು. ಶಿವಮೊಗ್ಗ ನಗರದ ಕೆಂಪು ಕಂಬ ಎಲ್ಲಕ್ಕಿಂತ ಎತ್ತರ. ಭದ್ರಾವತಿಯ ಹಸಿರು ಕಂಬ ಅದರ ಪಕ್ಕದಲ್ಲಿ ಕುಳ್ಳಗೆ ನಿಂತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ತೀರ್ಮಾನ: ‘ನಮ್ಮ ಊರೇ ಆರೋಗ್ಯವಂತ ಊರು.’

ಭಾಗಾಕಾರದಲ್ಲಿ ಒಂದೂ ತಪ್ಪಿರಲಿಲ್ಲ. ಅಕ್ಷರ ಮುದ್ದಾಗಿತ್ತು. ತೀರ್ಪುಗಾರನಾಗಿದ್ದ ನಾನು ಮೊದಲ ಬಹುಮಾನ ಕೊಟ್ಟೆ. ಊರಿನ ಅಭಿಮಾನವೂ ಸ್ವಲ್ಪ ಕೆಲಸ ಮಾಡಿರಬಹುದು.

ಪ್ರದರ್ಶನ ನೋಡಲು ಬಂದಿದ್ದ ತಾಯಿಯೊಬ್ಬರು ಆ ಚಾರ್ಟಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರ ಮಗಳು ನಮ್ಮಲ್ಲಿ ಹತ್ತನೇ ತರಗತಿ. ಚುರುಕಾದ ಹುಡುಗಿ. ಶಿವಮೊಗ್ಗದಲ್ಲಿ ಪಿಯುಸಿ ವಿಜ್ಞಾನ ಓದಬೇಕು, ಹಾಸ್ಟೆಲಿನಲ್ಲಿರಬೇಕು ಎಂಬುದು ಅವಳ ಆಸೆ. ಹೋಗುವಾಗ ಆ ತಾಯಿ ನನ್ನ ಬಳಿ ಬಂದು, “ಮೇಷ್ಟ್ರೇ, ಅಲ್ಲಿ ಇಷ್ಟೊಂದು ಜನ ಸಾಯ್ತಾರಾ? ನೀರು ಸರಿಯಿಲ್ವೋ, ಸೊಳ್ಳೆಯೋ ಏನೋ. ಇವಳನ್ನ ಅಲ್ಲಿ ಬಿಡೋದು ಬೇಡ ಅನ್ನಿಸ್ತಿದೆ” ಎಂದರು. ನಾನು ನಕ್ಕು, “ಹಾಗೇನಿಲ್ಲ ಅಮ್ಮಾ, ದೊಡ್ಡ ಊರು ಅಂದ್ರೆ ಅಷ್ಟೇ” ಎಂದು ಹೇಳಿ ಕಳಿಸಿದೆ. ‘ಅಷ್ಟೇ’ ಎಂದರೆ ಎಷ್ಟು ಎಂದು ನಾನೇ ಯೋಚಿಸಿರಲಿಲ್ಲ.

ಈಗ ಅಪ್ಪನ ಪ್ರಮಾಣ ಪತ್ರ ಕೈಯಲ್ಲಿತ್ತು. ಭದ್ರಾವತಿಯಲ್ಲಿ ಎಂಬತ್ತೊಂದು ವರ್ಷ ಬಾಳಿದ ನನ್ನ ಅಪ್ಪ, ಅಂಥದೇ ಚಾರ್ಟಿನಲ್ಲಿ ಶಿವಮೊಗ್ಗದ ಕೆಂಪು ಕಂಬವನ್ನು ಒಂದು ಕೂದಲೆಳೆಯಷ್ಟು ಎತ್ತರಿಸುತ್ತಿದ್ದರು. ನಮ್ಮ ಊರಿನ ಹಸಿರು ಕಂಬ ಒಂದು ಕೂದಲೆಳೆಯಷ್ಟು ಕುಳ್ಳಾಗುತ್ತಿತ್ತು.

ಸತ್ತ ಜಾಗ, ಬಾಳಿದ ಊರು

ನಮ್ಮ ದೇಶದಲ್ಲಿ ಹುಟ್ಟು ಸಾವುಗಳನ್ನು ಬರೆದಿಡುವುದು 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ. ಸಾವು ಸಂಭವಿಸಿದ ಇಪ್ಪತ್ತೊಂದು ದಿನದೊಳಗೆ ತಿಳಿಸಬೇಕು. ಎಲ್ಲಿ ತಿಳಿಸಬೇಕು? ಸಾವು ಎಲ್ಲಿ ಸಂಭವಿಸಿತೋ ಅಲ್ಲಿ. ಇದು ತಪ್ಪಲ್ಲ. ಸಾವನ್ನು ಕಂಡವರು, ವೈದ್ಯರು, ಕಾರಣ ಬಲ್ಲವರು ಅಲ್ಲೇ ಇರುತ್ತಾರೆ. ಕಾನೂನಿಗೆ ಅದೇ ಅನುಕೂಲ. ಆದರೆ ಕಾನೂನಿನ ಅನುಕೂಲಕ್ಕೆ ಮಾಡಿದ ಪಟ್ಟಿಯಿಂದ ಊರಿನ ಆರೋಗ್ಯ ಅಳೆಯಲು ಹೊರಟರೆ ಎಡವುತ್ತೇವೆ.

ಕಚೇರಿಯಿಂದ ಹೊರಬಿದ್ದವನು ನೇರ ಬಸ್ ನಿಲ್ದಾಣಕ್ಕೆ ಹೋಗದೆ ಮೆಗ್ಗಾನ್ ಆಸ್ಪತ್ರೆಯ ಕಡೆ ನಡೆದೆ. ಜಿಲ್ಲೆಯ ದೊಡ್ಡಾಸ್ಪತ್ರೆ, ಈಗ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯೂ ಹೌದು. ಗೇಟಿನ ಎದುರು ಚಹಾದಂಗಡಿಯಲ್ಲಿ ಅರ್ಧ ಗಂಟೆ ಕುಳಿತು, ಪಕ್ಕದವರನ್ನು “ಯಾವೂರು?” ಎಂದು ಕೇಳುತ್ತಾ ಹೋದೆ. ಸೊರಬ, ಹೊಸನಗರ, ಶಿಕಾರಿಪುರ, ತೀರ್ಥಹಳ್ಳಿ ಎಂದರು. ಒಬ್ಬರು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯವರು, ಇನ್ನೊಬ್ಬರು ದಾವಣಗೆರೆ ಜಿಲ್ಲೆಯ ಚನ್ನಗಿರಿಯವರು. ಅವರಲ್ಲಿ ಶಿವಮೊಗ್ಗ ನಗರದವರು ಒಬ್ಬರೇ, ಅಂಗಡಿಯ ಯಜಮಾನರು!

ಕಾಯಿಲೆ ಉಲ್ಬಣಿಸಿದವರನ್ನೇ ತಾಲ್ಲೂಕು ಆಸ್ಪತ್ರೆಗಳು ಇಲ್ಲಿಗೆ ಕಳಿಸುತ್ತವೆ. ಬಹಳ ಜನ ಗುಣವಾಗಿ ಮರಳುತ್ತಾರೆ. ಕೆಲವರು ಮರಳುವುದಿಲ್ಲ. ಮರಳದವರೆಲ್ಲ ಸತ್ತ ಜಾಗದ ಪಟ್ಟಿಯಲ್ಲಿ ಶಿವಮೊಗ್ಗ ನಗರದ ಲೆಕ್ಕಕ್ಕೆ ಬೀಳುತ್ತಾರೆ. ಹೀಗಾಗಿ ಒಂದು ಊರಿಗೆ ಒಳ್ಳೆಯ ಆಸ್ಪತ್ರೆ ಬಂದಷ್ಟೂ ಕಾಗದದ ಮೇಲೆ ಆ ಊರು ಅಪಾಯಕಾರಿಯಾಗಿ ಕಾಣುತ್ತದೆ! ಔಷಧಿ ಅಂಗಡಿಯ ಮುಂದೆ ಕಾಯಿಲೆಯವರು ಹೆಚ್ಚು ನಿಂತಿರುತ್ತಾರೆ ಎಂದು ಅಂಗಡಿಯೇ ಕಾಯಿಲೆ ಹಂಚುತ್ತಿದೆ ಎನ್ನಲಾದೀತೇ?

ಭಾಗಿಸುವ ಸಂಖ್ಯೆಯಲ್ಲೂ ತೊಡಕಿದೆ. ನಮ್ಮ ಹುಡುಗಿ ಬಳಸಿದ್ದು 2011ರ ಜನಸಂಖ್ಯೆ: ಶಿವಮೊಗ್ಗ ನಗರ 3,22,650, ಭದ್ರಾವತಿ ನಗರ 1,51,102. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋದ್ದರಿಂದ ಅವಳ ಕೈಗೆ ಸಿಕ್ಕಿದ್ದು ಅದೇ. ಆದರೆ ಶಿವಮೊಗ್ಗ ಅಂದಿನಿಂದ ಬೆಳೆಯುತ್ತಲೇ ಇದೆ. ಮೇಲಿನ ಸಂಖ್ಯೆ ಇಂದಿನದು, ಕೆಳಗಿನ ಸಂಖ್ಯೆ ಹಳೆಯದು. ಭಾಗಲಬ್ಧ ಉಬ್ಬದೆ ಇನ್ನೇನಾದೀತು?

ಇದನ್ನು ತಜ್ಞರು ಅರಿಯದವರಲ್ಲ. ಮರಣ ವರದಿಯ ನಮೂನೆಯಲ್ಲಿ ಸತ್ತವರ ವಾಸದ ಊರು ಯಾವುದು ಎಂದು ಬೇರೆಯಾಗಿ ಕೇಳುವ ಅಂಕಣ ಇರುವುದೇ ಇದಕ್ಕಾಗಿ. ಇನ್ನು 1969–70ರಿಂದ ದೇಶದಾದ್ಯಂತ ನಡೆಯುತ್ತಿರುವ ಮಾದರಿ ನೋಂದಣಿ ವ್ಯವಸ್ಥೆಯಂತೂ ಮನೆಯಿಂದಲೇ ಲೆಕ್ಕ ಶುರು ಮಾಡುತ್ತದೆ. ಆಯ್ದ ಹಳ್ಳಿ, ಬಡಾವಣೆಗಳಲ್ಲಿ ಸ್ಥಳೀಯ ಗಣತಿದಾರರೊಬ್ಬರು ಮನೆಮನೆಯ ಹುಟ್ಟು ಸಾವು ಬರೆಯುತ್ತಾರೆ. ಮನೆಯ ಖಾಯಂ ವಾಸಿ ಬೇರೆ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರೂ ಆ ಮನೆಯ ಲೆಕ್ಕಕ್ಕೇ ಸೇರಿಸುತ್ತಾರೆ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಬಂದು ಬೇರೆಯಾಗಿ ಕೇಳಿ ತಾಳೆ ನೋಡುತ್ತಾರೆ. ಕರ್ನಾಟಕದಲ್ಲಿ 2020ರಲ್ಲಿ ಸಾವಿರಕ್ಕೆ 6.2 ಸಾವು ಎಂಬ ಅಂಕಿ ಬಂದದ್ದು ಈ ದಾರಿಯಿಂದ. ಇಡೀ ರಾಜ್ಯಕ್ಕೆ ಸಾಕಾಗುವ ಈ ಮಾದರಿಯಿಂದ ಒಂದೊಂದು ತಾಲ್ಲೂಕಿನ ಅಂಕಿ ತೆಗೆಯಲು ಬರುವುದಿಲ್ಲ. ತಾಲ್ಲೂಕಿನ ಅಂಕಿ ಬೇಕೆಂದರೆ ನೋಂದಣಿ ಪುಸ್ತಕವೇ ಗತಿ. ಅದನ್ನು ಓದುವ ಕ್ರಮ ತಿಳಿದಿರಬೇಕು.

ಬೆಂಕಿಪುರದ ಹಿರಿಯರು

ಮಧ್ಯಾಹ್ನದ ಬಸ್ಸಿಗೆ ಭದ್ರಾವತಿಗೆ ಮರಳಿದೆ. ನಮ್ಮೂರಿನ ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಇಲ್ಲಿ ಕಬ್ಬಿಣದ ಊದುಕುಲುಮೆ ಉರಿಯತೊಡಗಿದಾಗ ಹೆಸರು ಮತ್ತೆ ಸಾರ್ಥಕವಾಯಿತೆಂದು ಹಿರಿಯರು ತಮಾಷೆ ಮಾಡುತ್ತಿದ್ದರು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಎಲ್ಲೆಲ್ಲಿಂದಲೋ ಜನ ಬಂದರು. ಹೆಚ್ಚಾಗಿ ಇಪ್ಪತ್ತು, ಇಪ್ಪತ್ತೈದರ ಹರೆಯದವರು. ನಾನು ಹುಡುಗನಾಗಿದ್ದಾಗ ಪಾಳಿಯ ಸೈರನ್ ಕೂಗಿದರೆ ನ್ಯೂಟೌನ್ ರಸ್ತೆ ತುಂಬ ಸೈಕಲ್ಲುಗಳು.

ಈಗ ಹಾಗಿಲ್ಲ. ಕಾಗದದ ಕಾರ್ಖಾನೆ 2010ರ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯಲ್ಲಿ ಹಿಂದಿನ ಸಂಖ್ಯೆಯ ಕೆಲಸಗಾರರಿಲ್ಲ. 2001ರಲ್ಲಿ ಒಂದು ಲಕ್ಷ ಅರವತ್ತು ಸಾವಿರ ದಾಟಿದ್ದ ಊರಿನ ಜನಸಂಖ್ಯೆ 2011ರ ಹೊತ್ತಿಗೆ ಒಂದು ಲಕ್ಷ ಐವತ್ತೊಂದು ಸಾವಿರಕ್ಕೆ ಇಳಿಯಿತು. ಅದೇ ಹತ್ತು ವರ್ಷದಲ್ಲಿ ಶಿವಮೊಗ್ಗ ಸುಮಾರು ಐವತ್ತು ಸಾವಿರ ಜನರನ್ನು ಸೇರಿಸಿಕೊಂಡಿತು. ಊರು ಬಿಟ್ಟು ಹೋಗುವವರು ಯಾರು? ಕೆಲಸ ಹುಡುಕುವ ಹರೆಯದವರು. ಉಳಿಯುವವರು ಯಾರು? ನನ್ನ ಅಪ್ಪನಂಥವರು, ಅವರ ಗೆಳೆಯರು. ಸಂಜೆ ನಮ್ಮ ಬೀದಿಯ ಕಟ್ಟೆಯ ಮೇಲೆ ಕೂರುವವರ ವಯಸ್ಸು ಕೂಡಿಸಿದರೆ ನಾನೂರು ದಾಟುತ್ತದೆ, ಕೂರುವವರು ಐದೇ ಜನ.

ಹಿರಿಯರು ಹೆಚ್ಚಿರುವ ಊರಿನಲ್ಲಿ ಸಾವು ಹೆಚ್ಚು. ಅದು ಊರಿನ ದೋಷವಲ್ಲ. ಈ ಮಾತಿಗೆ ನಮ್ಮ ನೆರೆಯ ಕೇರಳವೇ ದೊಡ್ಡ ಉದಾಹರಣೆ. 2020ರಲ್ಲಿ ಕೇರಳದ ಮರಣ ಪ್ರಮಾಣ ಸಾವಿರಕ್ಕೆ 7.0, ಬಿಹಾರದ್ದು 5.4. ಇಷ್ಟನ್ನೇ ನೋಡಿದರೆ ಬಿಹಾರವೇ ಮೇಲು. ಆದರೆ ಅದೇ ವರ್ಷ ಹುಟ್ಟಿದ ಸಾವಿರ ಶಿಶುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವು ಕೇರಳದಲ್ಲಿ 6, ಬಿಹಾರದಲ್ಲಿ 27. ಗುಟ್ಟು ವಯಸ್ಸಿನಲ್ಲಿದೆ. 2011ರ ಗಣತಿಯಂತೆ ಅರವತ್ತು ದಾಟಿದವರು ಕೇರಳದಲ್ಲಿ ನೂರಕ್ಕೆ 12.6, ಬಿಹಾರದಲ್ಲಿ 7.4, ಕರ್ನಾಟಕದಲ್ಲಿ 9.5. ಮಕ್ಕಳು ಸಾಯದೆ ಬದುಕಿ ಮುದುಕರಾಗುವ ನಾಡಿನಲ್ಲಿ ಸಾಯುವವರು ಮುದುಕರೇ ಆಗಿರುತ್ತಾರೆ.

ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಂಡು ಈ ಲೆಕ್ಕ ಮಾಡಿ ನೋಡಬಹುದು. ಅಂಕಿಗಳು ನಾನು ಕಲ್ಪಿಸಿದವು. ‘ಅ’ ಮತ್ತು ‘ಬ’ ಎಂಬ ಎರಡು ಊರು, ತಲಾ ಹತ್ತು ಸಾವಿರ ಜನ. ‘ಅ’ದಲ್ಲಿ ಅರವತ್ತರ ಒಳಗಿನವರು 9,000, ಅವರಲ್ಲಿ ಸಾವಿರಕ್ಕೆ 4 ಸಾವು, ಅಂದರೆ 36. ಅರವತ್ತು ದಾಟಿದವರು 1,000. ಅವರಲ್ಲಿ 40 ಸಾವು. ಒಟ್ಟು 76, ಸಾವಿರಕ್ಕೆ 7.6. ‘ಬ’ದಲ್ಲಿ ಅರವತ್ತರ ಒಳಗಿನವರು 8,000, ಸಾವಿರಕ್ಕೆ 3ರಂತೆ 24 ಸಾವು. ಅರವತ್ತು ದಾಟಿದವರು 2,000. ಸಾವಿರಕ್ಕೆ 35ರಂತೆ 70. ಒಟ್ಟು 94, ಸಾವಿರಕ್ಕೆ 9.4. ಕಿರಿಯರಿಗಾಗಲಿ ಹಿರಿಯರಿಗಾಗಲಿ ‘ಬ’ ಊರೇ ಕ್ಷೇಮ. ಆದರೂ ಒಟ್ಟು ಅಂಕಿ ‘ಬ’ವನ್ನೇ ದೂರುತ್ತದೆ!

ಈಗ ಎರಡೂ ಊರಿಗೆ ಒಂದೇ ಅಳತೆಗೋಲು ಹಿಡಿಯೋಣ. ಎರಡರಲ್ಲೂ ಕಿರಿಯರು 8,500, ಹಿರಿಯರು 1,500 ಇದ್ದಾರೆಂದು ಭಾವಿಸಿ, ಆಯಾ ಊರಿನ ಪ್ರಮಾಣವನ್ನೇ ಹಾಕಿದರೆ ‘ಅ’ಕ್ಕೆ ಸಾವಿರಕ್ಕೆ 9.4, ‘ಬ’ಕ್ಕೆ 7.8 ಬರುತ್ತದೆ. ತಕ್ಕಡಿ ತಿರುಗಿತು. ಮೊದಲಿನದು ಕಚ್ಚಾ ಪ್ರಮಾಣ, ಎರಡನೆಯದು ವಯಸ್ಸಿಗೆ ಹೊಂದಿಸಿದ ಪ್ರಮಾಣ. 1844ರಲ್ಲೇ ನೈಸನ್ ಎಂಬ ವಿಮಾ ಗಣಿತಜ್ಞ ಲಂಡನ್ನಿನ ಬಡವರ ಕೇರಿ, ಸಿರಿವಂತರ ಕೇರಿಗಳನ್ನು ಹೋಲಿಸುವಾಗ ಇಂಥ ಉಪಾಯ ಹೂಡಿದ್ದ. ಭದ್ರಾವತಿಯವರಿಗೆ ಇದನ್ನು ವಿವರಿಸುವುದು ಸುಲಭ. ಕೆಮ್ಮಣ್ಣುಗುಂಡಿಯಿಂದ ಬರುತ್ತಿದ್ದ ಕಚ್ಚಾ ಅದಿರಿನಲ್ಲಿ ಕಬ್ಬಿಣವೂ ಇತ್ತು, ಮಣ್ಣೂ ಇತ್ತು. ಕುಲುಮೆಯಲ್ಲಿ ಕರಗಿಸಿ ಕಿಟ್ಟ ತೆಗೆದ ಮೇಲಲ್ಲವೇ ಕಬ್ಬಿಣದ ತೂಕ ಹೇಳುತ್ತಿದ್ದುದು?

ಚಿಕ್ಕ ಊರಿನ ದೊಡ್ಡ ಅಂಕಿ

ಇನ್ನೊಂದು ಮೋಸ ಚಿಕ್ಕ ಸಂಖ್ಯೆಗಳದ್ದು. ಐನೂರು ಜನರ ಒಂದು ಹಳ್ಳಿಯಲ್ಲಿ ರಾಜ್ಯದ ಪ್ರಮಾಣದಂತೆ ವರ್ಷಕ್ಕೆ ಮೂರು ಸಾವು ಆಗಬಹುದು. ಆದರೆ ಸಾವು ಲೆಕ್ಕ ಕೇಳಿ ಬರುವುದಿಲ್ಲ. ಒಂದು ವರ್ಷ ಒಂದೇ ಸಾವು: ಸಾವಿರಕ್ಕೆ 2, ಪುಣ್ಯಭೂಮಿ! ಮರುವರ್ಷ ಆರು ಸಾವು: ಸಾವಿರಕ್ಕೆ 12, ಶಾಪಗ್ರಸ್ತ ಊರು! ಅದೇ ನೀರು, ಅದೇ ಗಾಳಿ, ಅದೇ ಜನ.

ಅಮೆರಿಕದಲ್ಲಿ ರಾಜ್ಯಗಳೊಳಗೆ ಕೌಂಟಿಗಳೆಂಬ ವಿಭಾಗಗಳಿವೆ. ನಮ್ಮ ಜಿಲ್ಲೆ, ತಾಲ್ಲೂಕುಗಳಿದ್ದ ಹಾಗೆ. ಮೂತ್ರಪಿಂಡದ ಕ್ಯಾನ್ಸರ್ ಅತಿ ಕಡಿಮೆ ಇರುವ ಕೌಂಟಿಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಅವು ಹೆಚ್ಚಾಗಿ ಜನ ವಿರಳವಾದ ಹಳ್ಳಿಗಾಡಿನವು. ಶುದ್ಧ ಗಾಳಿ, ಶುದ್ಧ ಆಹಾರ ಕಾರಣವೆಂದು ಯಾರಾದರೂ ಹೇಳಿಯಾರು. ಆದರೆ ಅತಿ ಹೆಚ್ಚು ಇರುವ ಕೌಂಟಿಗಳನ್ನು ಗುರುತಿಸಿದರೆ ಅವೂ ಅಂಥವೇ! ಅಲ್ಲಿ ಕಾರಣ ಗಾಳಿಯಲ್ಲಿಲ್ಲ, ಆಹಾರದಲ್ಲಿಲ್ಲ, ಜನಸಂಖ್ಯೆ ಚಿಕ್ಕದಾಗಿರುವುದರಲ್ಲಿದೆ. ಹತ್ತು ಬಾರಿ ನಾಣ್ಯ ಚಿಮ್ಮಿದರೆ ಎಂಟು ತಲೆ ಬೀಳಬಹುದು. ಸಾವಿರ ಬಾರಿ ಚಿಮ್ಮಿ ಎಂಟುನೂರು ತಲೆ ಬಿದ್ದರೆ ನಾಣ್ಯವನ್ನೇ ಸಂಶಯಿಸಬೇಕು. ಆದ್ದರಿಂದ ಚಿಕ್ಕ ಊರಿನ ಲೆಕ್ಕವನ್ನು ಐದಾರು ವರ್ಷ ಕೂಡಿಸಿಯೇ ನೋಡಬೇಕು.

ನಿಜವಾದ ವ್ಯತ್ಯಾಸವೂ ಉಂಟು

ಹಾಗಾದರೆ ಊರು ಊರಿನ ನಡುವೆ ನಿಜವಾದ ವ್ಯತ್ಯಾಸವೇ ಇಲ್ಲವೇ? ಖಂಡಿತ ಇದೆ. ಅದನ್ನು ಕಾಣುವುದಕ್ಕಾಗಿಯೇ ಈ ಕಿಟ್ಟವನ್ನೆಲ್ಲ ತೆಗೆಯಬೇಕು.

ನಮ್ಮ ಜಿಲ್ಲೆಯೇ ಇದಕ್ಕೆ ಸಾಕ್ಷಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಮಲೆನಾಡಿನ ತಾಲ್ಲೂಕುಗಳಲ್ಲಿ ಜನ ಕಡಿಮೆಯಾಗುತ್ತಿದ್ದಾರೆ ಎಂಬುದು ಸರ್ಕಾರದ ದೊಡ್ಡ ಚಿಂತೆಯಾಗಿತ್ತು. ಚಳಿಜ್ವರ ಬಂದು, ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದು ಸಾಯುತ್ತಿದ್ದವರ ಕಥೆಗಳನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು. ಅದು ಮಲೇರಿಯಾ. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರಂತೆ. ಆ ಹಿಂಜರಿಕೆಗೆ ಆಧಾರವಿತ್ತು. ಡಿ.ಡಿ.ಟಿ. ಬಂದು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಆ ಭಯ ಇಳಿಯಿತು.

1957ರಲ್ಲಿ ಇನ್ನೊಂದು ಘಟನೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದ ಜನರಿಗೂ ವಿಚಿತ್ರ ಜ್ವರ. ಯಾವ ಹಳ್ಳಿ, ಯಾರು, ಎಲ್ಲಿ ಓಡಾಡಿದ್ದರು ಎಂಬುದನ್ನು ಹಿಡಿದು ಹೊರಟ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸದೊಂದು ವೈರಸ್ಸನ್ನೂ ಅದನ್ನು ಹರಡುವ ಉಣುಗನ್ನೂ ಗುರುತಿಸಿದರು. ಇಂದು ಲೋಕವೆಲ್ಲ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎನ್ನುತ್ತದೆ, ನಾವು ಮಂಗನ ಕಾಯಿಲೆ ಎನ್ನುತ್ತೇವೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಜೋರಾಗಿ ಕಾಣಿಸಿಕೊಂಡಾಗ ಅನೇಕ ರೋಗಿಗಳನ್ನು ಮಣಿಪಾಲಕ್ಕೆ ಕರೆದೊಯ್ದರು. ಆಸ್ಪತ್ರೆಯ ಊರನ್ನೇ ಹಿಡಿದು ನಕ್ಷೆ ಬರೆದಿದ್ದರೆ ಮಂಗನ ಕಾಯಿಲೆ ಮಣಿಪಾಲದ ರಸ್ತೆಗಳಲ್ಲಿ ಹುಟ್ಟುತ್ತದೆ ಎಂದಾಗುತ್ತಿತ್ತು. ಲಸಿಕೆ, ಎಚ್ಚರಿಕೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ತೈಲ ಎಲ್ಲ ತಪ್ಪು ಊರಿಗೆ ಹೋಗುತ್ತಿತ್ತು.

ಅಂಕಿ ಸರಿಯಾದ ಊರಿಗೆ ಸೇರಿದರೆ ಎಷ್ಟು ಉಪಕಾರವೆಂಬುದಕ್ಕೆ ಇಂಗ್ಲೆಂಡಿನ ಕಥೆಯಿದೆ. ಅಲ್ಲಿ 1837ರಿಂದ ಸರ್ಕಾರಿ ಮರಣ ನೋಂದಣಿ ಶುರುವಾಯಿತು. ಆ ಕಚೇರಿಯಲ್ಲಿ ಅಂಕಿಅಂಶ ನೋಡುತ್ತಿದ್ದ ವಿಲಿಯಂ ಫಾರ್ ಎಂಬಾತ ಜಿಲ್ಲೆ ಜಿಲ್ಲೆಯ ಸಾವು ಹೋಲಿಸಿದ. ಸಾವಿರಕ್ಕೆ 17ಕ್ಕಿಂತ ಹೆಚ್ಚು ಸಾವಿಲ್ಲದ ಜಿಲ್ಲೆಗಳನ್ನು ‘ಆರೋಗ್ಯವಂತ ಜಿಲ್ಲೆ’ಗಳೆಂದು ಕರೆದು, ಉಳಿದ ಜಿಲ್ಲೆಗಳಲ್ಲಿ ಅದಕ್ಕಿಂತ ಮೇಲಿನ ಸಾವುಗಳು ಏಕೆ ಎಂದು ಕೇಳಿದ. 1848ರ ಸಾರ್ವಜನಿಕ ಆರೋಗ್ಯ ಕಾಯ್ದೆಯಂತೆ ಸಾವಿರಕ್ಕೆ 23 ದಾಟಿದ ಊರಿನ ಮೇಲೆ ಸ್ಥಳೀಯ ಆರೋಗ್ಯ ಮಂಡಳಿಯನ್ನು ಕಡ್ಡಾಯವಾಗಿ ಹೇರಬಹುದಾಗಿತ್ತು. ಒಂದು ಅಂಕಿ ಚರಂಡಿ ಕಟ್ಟಿಸಬಲ್ಲದು, ಕುಡಿಯುವ ನೀರು ತರಿಸಬಲ್ಲದು. ತಪ್ಪು ಅಂಕಿ ಅದೇ ಚರಂಡಿಯನ್ನು ತಪ್ಪಿಸಬಲ್ಲದು. ನಮ್ಮೂರಿನವರ ಸಾವುಗಳೆಲ್ಲ ಶಿವಮೊಗ್ಗದ ಲೆಕ್ಕಕ್ಕೆ ಬಿದ್ದು, ಭದ್ರಾವತಿಯ ಕಂಬ ಕುಳ್ಳಗೆ ನಿಂತು ‘ನಮಗೇನೂ ತೊಂದರೆಯಿಲ್ಲ’ ಎಂದರೆ ಖುಷಿಪಡುವಂಥದ್ದೇನಿದೆ? ನಮ್ಮೂರಿನ ಆಸ್ಪತ್ರೆಗೆ ಇನ್ನೊಂದು ಹೃದಯ ತಜ್ಞರ ಹುದ್ದೆ ಕೇಳುವಾಗ ಯಾವ ಅಂಕಿ ತೋರಿಸೋಣ?

ಮತ್ತೆ ಶಾಲೆಗೆ

ಮರುದಿನ ಆ ಹುಡುಗಿಯನ್ನು ಕರೆದು ಅಪ್ಪನ ಪ್ರಮಾಣ ಪತ್ರ ತೋರಿಸಿದೆ. ಎರಡು ಸಾಲುಗಳ ಮೇಲೆ ಬೆರಳಿಟ್ಟೆ. ಅವಳು ಒಂದು ನಿಮಿಷ ಸುಮ್ಮನಿದ್ದು, “ಸಾರ್, ಹಾಗಾದ್ರೆ ನನ್ನ ಚಾರ್ಟ್ ತಪ್ಪಾ?” ಎಂದಳು. “ನಿನ್ನ ಲೆಕ್ಕ ಸರಿ. ಪ್ರಶ್ನೆ ಕೇಳದೆ ಬಹುಮಾನ ಕೊಟ್ಟ ನಾನು ತಪ್ಪು” ಎಂದೆ. ಮೇಷ್ಟ್ರಾದವನು ಈ ಮಾತನ್ನು ವರ್ಷಕ್ಕೊಮ್ಮೆಯಾದರೂ ಹೇಳುವ ಸಂದರ್ಭ ಬರಬೇಕು, ಆಗ ಮಕ್ಕಳಿಗೆ ವಿಜ್ಞಾನದ ಮೇಲೆ ನಂಬಿಕೆ ಹೆಚ್ಚುತ್ತದೆ ಎಂದು ನನ್ನ ಅನುಭವ.

ಆ ವಾರ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದರೆ, ಮನೆಯವರಿಗೆ ನೋವಾಗದಂತೆ ಕೇಳಿ, ಎರಡೇ ಅಂಕಣ ತುಂಬಬೇಕು: ಬಾಳಿದ ಊರು, ತೀರಿಕೊಂಡ ಊರು. ಹೇಳಲು ಇಷ್ಟವಿಲ್ಲದಿದ್ದರೆ ಬಿಡಬಹುದು. ಮಕ್ಕಳು ತಂದ ಹಾಳೆಗಳಲ್ಲಿ ಮೊದಲ ಅಂಕಣದ ತುಂಬ ಭದ್ರಾವತಿ. ಎರಡನೆಯದರಲ್ಲಿ ಶಿವಮೊಗ್ಗ, ಮಣಿಪಾಲ, ಬೆಂಗಳೂರು ಮತ್ತೆ ಮತ್ತೆ ಬಂದವು. ಆ ಹುಡುಗಿ ಹಳೆಯ ಚಾರ್ಟನ್ನು ಹರಿಯಲಿಲ್ಲ. ತೀರ್ಮಾನದ ಮೇಲೆ ಒಂದು ಗೆರೆ ಎಳೆದು, ಕೆಳಗೆ ಮೂರು ಪ್ರಶ್ನೆ ಬರೆದಳು. ‘ಸತ್ತವರು ಎಲ್ಲಿಯವರು? ಅವರ ವಯಸ್ಸೆಷ್ಟು? ಎಷ್ಟು ಜನರಲ್ಲಿ, ಎಷ್ಟು ವರ್ಷದ ಲೆಕ್ಕ?’ ಈಗ ಆ ಚಾರ್ಟ್ ಗೋಡೆಯ ಮೇಲೆ ಹಾಗೆಯೇ ಇದೆ, ಗೆರೆಯ ಸಮೇತ.

ನಂತರ ನಾನು ಹತ್ತನೇ ತರಗತಿಯ ಆ ಹುಡುಗಿಯ ಮನೆಗೆ ಹೋದೆ. ಅವಳ ತಾಯಿ ಕಾಫಿ ಕೊಟ್ಟು ಎದುರು ಕುಳಿತರು. ಅಂಕಿಗಳ ಮಾತಿನಿಂದ ಶುರು ಮಾಡಲಿಲ್ಲ. ಅಪ್ಪನ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ಮಾವನವರೂ ಶಿವಮೊಗ್ಗದ ಆಸ್ಪತ್ರೇಲೇ ಹೋಗಿದ್ದು ಮೇಷ್ಟ್ರೇ. ಅವರನ್ನೂ ಆ ಕೆಂಪು ಕಂಬದಲ್ಲಿ ಸೇರಿಸಿಬಿಟ್ಟಿದ್ರಾ?” ಎಂದರು. ಅರ್ಥವಾಯಿತೆಂದು ನನಗೆ ತಿಳಿಯಿತು. ಆದರೂ ತಾಯಿಯ ಮನಸ್ಸು. ಹಾಸ್ಟೆಲ್ ಬೇಡ, ಬಸ್ಸಿನಲ್ಲಿ ಓಡಾಡಲಿ ಎಂದು ತೀರ್ಮಾನವಾಯಿತು. ಈಗ ಆ ಹುಡುಗಿ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ಜೀವಶಾಸ್ತ್ರ ಇಷ್ಟವಂತೆ.

ಅಪ್ಪನ ಅಸ್ಥಿಯನ್ನು ನಾವು ಬಿಟ್ಟದ್ದು ಕೂಡಲಿಯಲ್ಲಿ. ಶಿವಮೊಗ್ಗ ದಾಟಿ ಬಂದ ತುಂಗೆಯೂ ಭದ್ರಾವತಿ ದಾಟಿ ಬಂದ ಭದ್ರೆಯೂ ಅಲ್ಲಿ ಸೇರುತ್ತವೆ. ದಡದಲ್ಲಿ ನಿಂತಾಗ ಯಾವ ನೀರು ಯಾವ ಊರಿನದೆಂದು ಹೇಳಲು ಬರುವುದಿಲ್ಲ, ಹೇಳಬೇಕಾದ ಅಗತ್ಯವೂ ಅಲ್ಲಿಲ್ಲ. ಆದರೆ ನೋಂದಣಿ ಪುಸ್ತಕ ನದಿಯಲ್ಲ. ಅಲ್ಲಿ ಅಪ್ಪನ ಸಾವು ಅವರು ಎಂಬತ್ತೊಂದು ವರ್ಷ ಬಾಳಿದ ಊರಿನ ಲೆಕ್ಕಕ್ಕೂ ಬರಬೇಕು. ನಿಮ್ಮ ಮನೆಯಲ್ಲಿ ಅಂಥ ದಿನ ಬಂದಾಗ, ದುಃಖದ ನಡುವೆಯೂ, ವರದಿಯ ಹಾಳೆಯಲ್ಲಿ ‘ವಾಸದ ಊರು’ ಎಂಬ ಅಂಕಣವನ್ನು ಖಾಲಿ ಬಿಡಬೇಡಿ. ತೀರಿಕೊಂಡವರು ತಮ್ಮ ಊರಿಗೆ ಮಾಡುವ ಕೊನೆಯ ಉಪಕಾರ ಅದು.